ಜಾಮೀನು ಹಾಕಿದವರ ಮಾನ

2010ರ ನವೆಂಬರ್ 18ರಂದು ಡಬ್ಲಿನ್ ನಗರದಲ್ಲಿ ತೆಗೆದ ಒಂದು ಫೋಟೋ ಇದೆ. ನಮ್ಮ ಕಡೆಯ ಮುಖಚರ್ಯೆಯ ಅಧಿಕಾರಿಯೊಬ್ಬರು ಐರ್ಲೆಂಡಿನ ಸೆಂಟ್ರಲ್ ಬ್ಯಾಂಕಿಗೆ ನಡೆದು ಹೋಗುತ್ತಿದ್ದಾರೆ. ಅವರು ದಾಟಿ ಹೋಗುವ ಜಾಗದಲ್ಲೇ ಒಬ್ಬ ಭಿಕ್ಷುಕ. ಆ ಅಧಿಕಾರಿ ಅಜಯ್ ಚೋಪ್ರಾ. ಭಾರತ ಮೂಲದವರು, ಆಗ ಐಎಂಎಫ್‌ನ ಯುರೋಪ್ ವಿಭಾಗದಲ್ಲಿ ಉಪನಿರ್ದೇಶಕರು. ಐರ್ಲೆಂಡಿಗೆ ಎಷ್ಟು ಸಾಲ, ಯಾವ ಷರತ್ತಿನ ಮೇಲೆ ಅಂತ ಲೆಕ್ಕ ಹಾಕಲು ಬಂದ ತಂಡದ ಮುಖ್ಯಸ್ಥರು. ಆ ಒಂದು ಫೋಟೋ ಐರಿಶ್ ಜನರನ್ನು ಎಷ್ಟು ಚುಚ್ಚಿತು ಅಂದ್ರೆ, ವರ್ಷಗಳ ನಂತರವೂ ಆ ದಿನಗಳ ಮಾತು ಬಂದಾಗ ಅದೇ ಚಿತ್ರ ಮೊದಲು ಬರುತ್ತೆ.

ನಿಜ ಹೇಳಬೇಕು ಅಂದ್ರೆ ಅವತ್ತು ನಮ್ಮಲ್ಲಿ ಹಲವರಿಗೆ ಒಳಗೊಳಗೇ ಸ್ವಲ್ಪ ಖುಷಿಯಾಗಿತ್ತು. "ನೋಡ್ರೀ, ಯುರೋಪಿನ ದೇಶಕ್ಕೆ ಸಾಲ ಕೊಡೋಕೆ ನಮ್ಮೋರು ಹೋಗಿದ್ದಾರೆ!" ಅಂತ. ಚೋಪ್ರಾ ಅವರಿಗೂ ನಮಗೂ ಏನು ಸಂಬಂಧ ಹೇಳಿ? ಅವರು ಐಎಂಎಫ್ ನೌಕರರು, ಅವರ ಕೆಲಸ ಅವರು ಮಾಡಿದರು. ಆದರೂ "ನಮ್ಮೋರು" ಅನ್ನೋ ಶಬ್ದ ತಾನಾಗಿ ಬಾಯಿಗೆ ಬಂತು. ಅದಕ್ಕೆ ಕೇವಲ 19 ವರ್ಷ ಹಿಂದೆ, 1991ರಲ್ಲಿ, ಅದೇ ಐಎಂಎಫ್ ಮುಂದೆ ನಮ್ಮ ದೇಶವೂ ನಿಂತಿತ್ತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡವಿಗೆ ಹೋಗಿತ್ತು. ಆ ಸುದ್ದಿ ಕೇಳಿದಾಗ ಮನೆಯ ಹೆಂಗಸಿನ ಕೊರಳಿಂದ ತಾಳಿ ಬಿಚ್ಚಿ ಮಾರವಾಡಿ ಅಂಗಡಿಗೆ ಒಯ್ದ ಹಾಗೆ ಅನ್ನಿಸಿತ್ತು ಜನರಿಗೆ. ಆಗಷ್ಟೇ ಬ್ಯಾಂಕ್ ಕೆಲಸಕ್ಕೆ ಸೇರಿದ್ದ ನನಗೆ ಅದು ಚೆನ್ನಾಗಿ ನೆನಪಿದೆ. ವಿದೇಶಿ ವಿನಿಮಯದ ಲೆಕ್ಕದಲ್ಲಿ ನನ್ನದಾಗಲಿ, ನನ್ನ ಅಪ್ಪನದಾಗಲಿ ಒಂದು ಪೈಸೆಯ ಪಾಲೂ ಇರಲಿಲ್ಲ. ಆದರೂ ನಾಚಿಕೆ ಮಾತ್ರ ನಮ್ಮ ಪಾಲಿಗೂ ಬಂದಿತ್ತು.

ಈ ಹೆಮ್ಮೆ, ನಾಚಿಕೆ ಎರಡೂ ಹೀಗೆ ಕೇಳದೆಯೇ ಮನೆಗೆ ಬರೋ ನೆಂಟರು. ಐರ್ಲೆಂಡಿನ ಕಥೆಯಲ್ಲಿ ನನಗೆ ಕುತೂಹಲ ಹುಟ್ಟಿದ್ದು ಇದೇ ಕಾರಣಕ್ಕೆ. ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಐರ್ಲೆಂಡ್ ಅಂದ್ರೆ ವಲಸೆ ಹೋದವರ ದೇಶ. 1845ರಿಂದ ಶುರುವಾದ ಆಲೂಗಡ್ಡೆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಆಮೇಲೂ ಹಡಗು ಹತ್ತೋದು ನಿಲ್ಲಲಿಲ್ಲ. 1916ರ ಈಸ್ಟರ್ ದಂಗೆ, ಆಮೇಲಿನ ಹೋರಾಟ, 1922ರಲ್ಲಿ ಬ್ರಿಟಿಷರಿಂದ ಬಿಡುಗಡೆ ಎಲ್ಲ ಆಯಿತು. ಆದರೆ ಬಡತನ ಬಿಡಲಿಲ್ಲ. 1980ರ ದಶಕದಲ್ಲೂ ಓದಿದ ಹುಡುಗರು ಲಂಡನ್, ಬೋಸ್ಟನ್ ಅಂತ ಹೊರಟು ಹೋಗುತ್ತಿದ್ದರು. ಇದನ್ನು ಓದುವ ನಮ್ಮಂಥವರಿಗೆ ಹೆಚ್ಚು ವಿವರಿಸಬೇಕಿಲ್ಲ. ಉಡುಪಿಯಿಂದ, ವಿಜಾಪುರದಿಂದ ಒಂದು ಟ್ರಂಕು ಹಿಡಿದು ಮುಂಬೈಗೆ ಬಂದವರಿಗೆ ಊರು ಬಿಡೋದು ಅಂದ್ರೆ ಏನು ಅಂತ ಗೊತ್ತು.

1990ರ ದಶಕದ ನಡುವೆ ಎಲ್ಲ ಬದಲಾಯಿತು. ಕಡಿಮೆ ತೆರಿಗೆ, ಇಂಗ್ಲಿಷ್ ಬಲ್ಲ ಓದಿದ ಯುವಕರು, ಯುರೋಪಿನ ಮಾರುಕಟ್ಟೆ, ಅಮೆರಿಕದ ಕಂಪನಿಗಳು. 1994ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞ "ಸೆಲ್ಟಿಕ್ ಟೈಗರ್" ಅಂತ ಹೆಸರಿಟ್ಟ, ಅದೇ ಅಂಟಿಕೊಂಡಿತು. ಹೊರಗೆ ಹೋದವರು ವಾಪಸ್ ಬಂದರು. ಅಷ್ಟೇ ಅಲ್ಲ, ಪೋಲೆಂಡಿನಿಂದ, ನಮ್ಮ ಕೇರಳದಿಂದ ಜನ ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. ಹಡಗು ಹತ್ತಿದವರ ಮೊಮ್ಮಕ್ಕಳ ಊರಿಗೆ ಬೇರೆಯವರು ಬಂದು ಇಳಿಯೋದು ಅಂದ್ರೆ ಸಣ್ಣ ಮಾತಾ? ಆ ಹೆಮ್ಮೆ ಸುಳ್ಳಾಗಿರಲಿಲ್ಲ. ಮೊದಮೊದಲು.

ಆಮೇಲೆ ಅದು ಸಿಮೆಂಟು, ಇಟ್ಟಿಗೆಯ ಹೆಮ್ಮೆಯಾಯಿತು. 42 ಲಕ್ಷ ಜನಸಂಖ್ಯೆಯ ದೇಶದಲ್ಲಿ 2006ರ ಒಂದೇ ವರ್ಷ ಸುಮಾರು 90,000 ಮನೆ ಕಟ್ಟಿದರು. ಮೊರ್ಗನ್ ಕೆಲ್ಲಿ ಅನ್ನೋ ಪ್ರಾಧ್ಯಾಪಕರು 2006ರ ಕೊನೆಗೇ, ಈ ಬೆಲೆ ನಿಲ್ಲಲ್ಲ, ಬೀಳುತ್ತೆ ಅಂತ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2007ರ ಜುಲೈನಲ್ಲಿ ಪ್ರಧಾನಿ ಬರ್ಟಿ ಅಹೆರ್ನ್, ಹೀಗೆ ಅಪಶಕುನ ನುಡಿಯುವವರು ಯಾಕೆ ಆತ್ಮಹತ್ಯೆ ಮಾಡಿಕೊಳ್ಳಲ್ಲವೋ ಗೊತ್ತಿಲ್ಲ ಎಂಬರ್ಥದ ಮಾತಾಡಿ, ಆಮೇಲೆ ಕ್ಷಮೆ ಕೇಳಿದರು. ಹೆಮ್ಮೆ ತಲೆಗೇರಿದಾಗ ಲೆಕ್ಕ ಕೇಳುವವನು ದೇಶದ್ರೋಹಿಯಂತೆ ಕಾಣ್ತಾನೆ. ಇದು ಐರ್ಲೆಂಡಿನ ಒಂದು ಕಾಯಿಲೆ ಮಾತ್ರ ಅಲ್ಲ ಬಿಡಿ.

2008ರ ಸೆಪ್ಟೆಂಬರ್ 29ರ ರಾತ್ರಿ. ಲೀಮನ್ ಬ್ರದರ್ಸ್ ಬಿದ್ದು ಎರಡು ವಾರ. ಬಿಲ್ಡರುಗಳಿಗೆ ಸಾಲ ಸುರಿದಿದ್ದ ಆಂಗ್ಲೋ ಐರಿಶ್ ಬ್ಯಾಂಕಿನಿಂದ ಠೇವಣಿ ಸೋರಿ ಹೋಗ್ತಾ ಇತ್ತು. ರಾತ್ರೋರಾತ್ರಿ ಸಭೆ, ಸಚಿವ ಸಂಪುಟದ ಒಪ್ಪಿಗೆ ಫೋನಿನಲ್ಲೇ. ಬೆಳಗಾಗುವ ಹೊತ್ತಿಗೆ ಸರ್ಕಾರ ಆರು ಬ್ಯಾಂಕುಗಳ ಠೇವಣಿಗೆ, ಅವು ಮಾಡಿದ್ದ ಹೆಚ್ಚುಕಡಿಮೆ ಎಲ್ಲ ಸಾಲಕ್ಕೆ ತಾನೇ ಜಾಮೀನು ಅಂತ ಘೋಷಿಸಿತು. ಮೊತ್ತ ಸುಮಾರು 44,000 ಕೋಟಿ ಯೂರೋ. ಅಂದ್ರೆ ಇಡೀ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಜಾಸ್ತಿ! ಜಗತ್ತಿನಲ್ಲೇ ಅತಿ ಅಗ್ಗದ ಬೇಲ್‌ಔಟ್ ಇದು ಅಂತ ಹಣಕಾಸು ಸಚಿವ ಬ್ರಯಾನ್ ಲೆನಿಹನ್ ಹೇಳಿದರು. ಕೊನೆಗೆ ಬ್ಯಾಂಕುಗಳಿಗೆ ಸುರಿದದ್ದು ಸುಮಾರು 6,400 ಕೋಟಿ ಯೂರೋ. 46 ಲಕ್ಷ ಜನರಿಗೆ ಭಾಗಿಸಿ ನೋಡಿ. ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣು ಮುದುಕರ ತನಕ ತಲಾ 14,000 ಯೂರೋ ಹತ್ತಿರ.

ಜಾಮೀನು ಅನ್ನೋ ಶಬ್ದಕ್ಕೆ ಬಂದೆ ಅಲ್ವಾ, ಇಲ್ಲಿ ನನ್ನ ಕೌಂಟರಿನ ಒಂದು ಅನುಭವ ಹೇಳಿಬಿಡ್ತೀನಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ಮುಂಬೈ ಉಪನಗರದ ಶಾಖೆಯಲ್ಲಿದ್ದಾಗ ಒಬ್ಬ ಹುಡುಗ ಟೆಂಪೋ ಸಾಲ ತಗೊಂಡಿದ್ದ. ನಾಲ್ಕು ಕಂತು ಕಟ್ಟಿ ನಾಪತ್ತೆ. ಜಾಮೀನು ಹಾಕಿದ್ದವರು ಅವನ ಸೋದರಮಾವ, ಸೊಲ್ಲಾಪುರ ಕಡೆಯವರು, ಮುಚ್ಚಿಹೋದ ಬಟ್ಟೆ ಗಿರಣಿಯ ಕೆಲಸಗಾರರು. ಜಾಮೀನುದಾರರಿಗೆ ನೋಟಿಸು ಹೋಯಿತು. ಅವರು ಬರುತ್ತಿದ್ದದ್ದು ಯಾವಾಗಲೂ ಕೌಂಟರ್ ಮುಚ್ಚುವ ಹೊತ್ತಿಗೆ, ಯಾರೂ ಗುರುತಿನವರು ನೋಡಬಾರದು ಅಂತ. ಕುರ್ಚಿಯ ತುದಿಯಲ್ಲಿ ಕೂತು, "ಸಾಹೇಬ್ರ, ನಮ್ಮ ಮನಿಗೆ ಇಷ್ಟು ವರ್ಷದಾಗ ಹಿಂಗ ಒಂದ್ ನೋಟಿಸು ಬಂದಿದ್ದಿಲ್ಲ ನೋಡ್ರಿ," ಅಂತಿದ್ದರು. ತಿಂಗಳಿಗೆ ಐನೂರು, ಕೆಲವೊಮ್ಮೆ ಮುನ್ನೂರು ಕಟ್ಟಿ ಹೋಗುತ್ತಿದ್ದರು. ಆ ಸೋದರಳಿಯ ಒಂದು ಸಲ ನಮ್ಮ ವಸೂಲಿ ಸಿಬ್ಬಂದಿಗೆ ಸಿಕ್ಕಿದ. ಅವನ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲವಂತೆ! ಮೂವತ್ತು ವರ್ಷದ ಬ್ಯಾಂಕ್ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೀನಿ. ಸುಸ್ತಿ ಆದವನಿಗಿಂತ ಜಾಮೀನು ಹಾಕಿದವನೇ ತಲೆ ತಗ್ಗಿಸೋದು.

ಐರ್ಲೆಂಡಿನಲ್ಲಿ ಆದದ್ದೂ ಇದೇ, ಇಡೀ ದೇಶದ ಅಳತೆಯಲ್ಲಿ. ಸೋದರಮಾವ ಕನಿಷ್ಠ ಸಹಿಯಾದರೂ ಹಾಕಿದ್ದರು. ಐರಿಶ್ ಜನರ ಪರವಾಗಿ ಬೇರೆಯವರು ರಾತ್ರಿ ಹಾಕಿ ಬಂದಿದ್ದರು.

2010ರ ನವೆಂಬರ್ ಮಧ್ಯದಲ್ಲಿ ಐಎಂಎಫ್ ಬರ್ತಾ ಇದೆ ಅಂತ ಜಗತ್ತಿಗೇ ಗೊತ್ತಿತ್ತು. ಐರ್ಲೆಂಡಿನ ಮಂತ್ರಿಗಳು ಮಾತ್ರ ಟಿವಿಯಲ್ಲಿ ಕೂತು, ಇಲ್ಲವೇ ಇಲ್ಲ, ಬರೀ ಗಾಳಿಸುದ್ದಿ ಅಂತಿದ್ದರು. ಮನೆ ಮುಂದೆ ಸಾಲಗಾರ ಬಂದು ನಿಂತಿದ್ದರೂ ಮಗನ ಕೈಲಿ "ಅಪ್ಪ ಊರಲ್ಲಿಲ್ಲ" ಅಂತ ಹೇಳಿಸ್ತಾರಲ್ಲ, ಹಾಗೆ. ಕೊನೆಗೆ ನವೆಂಬರ್ 18ರ ಬೆಳಿಗ್ಗೆ ಸೆಂಟ್ರಲ್ ಬ್ಯಾಂಕಿನ ಗವರ್ನರ್ ಪ್ಯಾಟ್ರಿಕ್ ಹೊನೊಹನ್ ಫ್ರಾಂಕ್‌ಫರ್ಟಿನಿಂದ ರೇಡಿಯೋಗೆ ಫೋನ್ ಮಾಡಿ, ಹೌದು, ಸಾವಿರಾರು ಕೋಟಿ ಯೂರೋ ಸಾಲ ಬರಬಹುದು ಅಂದುಬಿಟ್ಟರು. ಸ್ವಂತ ದೇಶದ ಸುದ್ದಿ ಜನಕ್ಕೆ ಗೊತ್ತಾದದ್ದು ಹೀಗೆ. ಅದೇ ದಿನದ ಐರಿಶ್ ಟೈಮ್ಸ್ ಸಂಪಾದಕೀಯ ಕೇಳಿದ್ದು ಒಂದೇ ಪ್ರಶ್ನೆ, 1916ರಲ್ಲಿ ಸತ್ತವರು ಸತ್ತದ್ದು ಈ ದಿನ ನೋಡೋದಕ್ಕಾ ಅಂತ. ಅದರ ತಲೆಬರಹವನ್ನು ಯೇಟ್ಸ್ ಕವಿಯ "ಸೆಪ್ಟೆಂಬರ್ 1913" ಕವಿತೆಯಿಂದ ಎತ್ತಿಕೊಂಡಿದ್ದರು. ಚೋಪ್ರಾ ಅವರ ಫೋಟೋ ತೆಗೆದದ್ದೂ ಅವತ್ತೇ.

ನವೆಂಬರ್ 28ಕ್ಕೆ ಒಪ್ಪಂದವಾಯಿತು. ಒಟ್ಟು 8,500 ಕೋಟಿ ಯೂರೋ. ಅದರಲ್ಲಿ 1,750 ಕೋಟಿ ಐರ್ಲೆಂಡಿನದೇ ಹಣ, ಪಿಂಚಣಿಗೆ ಅಂತ ಕೂಡಿಟ್ಟಿದ್ದೂ ಸೇರಿ. ಉಳಿದದ್ದು ಐಎಂಎಫ್, ಯುರೋಪ್, ಜೊತೆಗೆ ಬ್ರಿಟನ್. ಹೌದು, ಬ್ರಿಟನ್! ಸುಮಾರು 320 ಕೋಟಿ ಪೌಂಡ್. ಏಳುನೂರು ವರ್ಷ ಆಳಿದವರ ಹತ್ತಿರ, ಬಿಡುಗಡೆಯಾಗಿ ತೊಂಬತ್ತು ವರ್ಷ ತುಂಬುವ ಮೊದಲೇ ಕೈಚಾಚಬೇಕಾಯಿತು. ಬ್ರಿಟನ್ ಸಾಲ ಕೊಟ್ಟದ್ದು ಕೆಟ್ಟ ಮನಸ್ಸಿನಿಂದ ಅಲ್ಲ, ಅವರ ಬ್ಯಾಂಕುಗಳ ಹಣವೂ ಅಲ್ಲಿ ಸಿಕ್ಕಿಕೊಂಡಿತ್ತು. ಆದರೆ ಇಸಕೊಳ್ಳುವವನ ಮನಸ್ಸು ಅಷ್ಟೆಲ್ಲ ಲೆಕ್ಕ ಹಾಕುತ್ತಾ?

ಆಮೇಲೆ ಶುರುವಾದದ್ದು ಕಡಿತ. ಸರ್ಕಾರಿ ನೌಕರರ ಸಂಬಳ ಆಗಲೇ ಇಳಿದಿತ್ತು. ಕನಿಷ್ಠ ಕೂಲಿ ಗಂಟೆಗೆ 8.65 ಯೂರೋ ಇದ್ದದ್ದು 7.65ಕ್ಕೆ ಬಂತು (ಕೆಲವು ತಿಂಗಳ ಮೇಲೆ ಸರಿಮಾಡಿದರು). 2007ರಲ್ಲಿ ನೂರಕ್ಕೆ ಐದರ ಆಸುಪಾಸಿನಲ್ಲಿದ್ದ ನಿರುದ್ಯೋಗ 2012ರ ಹೊತ್ತಿಗೆ ಹದಿನೈದಕ್ಕೆ ಹೋಯಿತು. ಮನೆಗಳ ಬೆಲೆ ಅರ್ಧಕ್ಕೆ ಬಿತ್ತು. ಅರ್ಧಂಬರ್ಧ ಕಟ್ಟಿ ಬಿಟ್ಟ ಬಡಾವಣೆಗಳು 2010ರ ಎಣಿಕೆಯಲ್ಲಿ 2,800ಕ್ಕೂ ಹೆಚ್ಚು. ಜನ ಅವಕ್ಕೆ ದೆವ್ವದ ಬಡಾವಣೆ ಅಂತ ಹೆಸರಿಟ್ಟರು.

ಇದೆಲ್ಲಕ್ಕೂ ಹೊಣೆ ಯಾರು ಅಂತ ಕೇಳಿದಾಗ ಲೆನಿಹನ್ ಟಿವಿಯಲ್ಲಿ ಹೇಳಿದ ಉತ್ತರ ಬಹಳ ಪ್ರಸಿದ್ಧವಾಯಿತು. ನಾವೆಲ್ಲರೂ ಪಾರ್ಟಿ ಮಾಡಿದ್ವಿ ಎಂದರು. ಆ "ನಾವೆಲ್ಲರೂ" ಅನ್ನೋದರಲ್ಲೇ ಎಲ್ಲ ಇದೆ ನೋಡಿ. ಒಂದೇ ಶಬ್ದದಲ್ಲಿ ಬಿಲ್ಡರೂ ಬಂದ, ಬಸ್ ಡ್ರೈವರೂ ಬಂದ, ಸಾಲವನ್ನೇ ಮಾಡದ ಹಳ್ಳಿಯ ಮುದುಕಿಯೂ ಬಂದಳು. ಮುಂದಿನ ಪ್ರಧಾನಿ ಎಂಡಾ ಕೆನ್ನಿ ಇನ್ನೂ ಒಂದು ಹೆಜ್ಜೆ ಮುಂದೆ. 2011ರ ಡಿಸೆಂಬರಿನಲ್ಲಿ ದೇಶವನ್ನು ಉದ್ದೇಶಿಸಿ ಮಾತಾಡುವಾಗ, ಈ ಬಿಕ್ಕಟ್ಟಿಗೆ ನೀವು ಹೊಣೆಯಲ್ಲ ಅಂತ ಜನರಿಗೆ ಸಮಾಧಾನ ಹೇಳಿದರು. ಎರಡು ತಿಂಗಳೂ ಕಳೆದಿರಲಿಲ್ಲ, ದಾವೋಸ್‌ನಲ್ಲಿ ದೊಡ್ಡವರ ನಡುವೆ ಕೂತು, ನಮ್ಮ ಜನ ಸಾಲಕ್ಕೆ ಹುಚ್ಚರಂತೆ ಬಿದ್ದರು ಎಂಬರ್ಥದ ಮಾತಾಡಿದರು. ಮನೆಯೊಳಗೆ ಒಂದು, ನೆಂಟರ ಮುಂದೆ ಇನ್ನೊಂದು.

ಜನ ಏನು ಮಾಡಿದರು? ಗ್ರೀಸ್‌ನಂತೆ ಬೀದಿಗೆ ಬೆಂಕಿ ಹಚ್ಚಲಿಲ್ಲ. ನಾವು ಗ್ರೀಸ್ ಅಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವವರು ಅನ್ನೋದೇ ಹೊಸ ಹೆಮ್ಮೆಯಾಯಿತು. 2011ರ ಫೆಬ್ರವರಿ ಚುನಾವಣೆಯಲ್ಲಿ ಮಾತ್ರ ಸಿಟ್ಟು ಹೊರಬಂತು. ದಶಕಗಳ ಕಾಲ ಆಳಿದ್ದ ಫಿಯಾನಾ ಫಾಯ್ಲ್ ಪಕ್ಷಕ್ಕೆ 166ರಲ್ಲಿ 20 ಸೀಟು. ಕಾರ್ಕ್ ಜಿಲ್ಲೆಯ ಬ್ಯಾಲಿಹೇ ಅನ್ನೋ ಸಣ್ಣ ಊರಿನ ಜನ ಆ ಮಾರ್ಚಿನಿಂದ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ರಸ್ತೆಯಲ್ಲಿ ಮೆರವಣಿಗೆ ಹೋಗೋಕೆ ಶುರುಮಾಡಿದರು. ಬ್ಯಾಂಕಿನ ಸಾಲ ನಮ್ಮ ಸಾಲ ಅಲ್ಲ ಅಂತ. ಬೆರಳೆಣಿಕೆಯ ಜನ, ಆದರೆ ವರ್ಷಗಟ್ಟಲೆ ನಡೆದರು. ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾದವರು ಇವರು. ನಾಚಿಕೆಯ ನೋಟಿಸನ್ನು ವಿಳಾಸ ತಪ್ಪಿದೆ ಅಂತ ವಾಪಸ್ ಕಳಿಸಿದವರು.

ನಗುವುದನ್ನೂ ಬಿಡಲಿಲ್ಲ ಆ ಜನ. 2012ರ ಯುರೋ ಫುಟ್‌ಬಾಲ್‌ಗೆ ಪೋಲೆಂಡಿಗೆ ಹೋದ ಅಭಿಮಾನಿಗಳು ಐರಿಶ್ ಬಾವುಟದ ಮೇಲೆ, ನಾವು ಕೆಲಸದಲ್ಲಿದ್ದೀವಿ ಅಂತ ಏಂಜೆಲಾ ಮರ್ಕೆಲ್ ಅಂದುಕೊಂಡಿದ್ದಾರೆ ಅಂತ ಬರೆದುಕೊಂಡು ಹೋಗಿದ್ದರು. ಸ್ಪೇನ್ ಎದುರು ತಂಡ 4-0 ಸೋಲುತ್ತಾ ಇರುವಾಗ ಕೊನೆಯ ನಿಮಿಷಗಳಲ್ಲಿ ಇಡೀ ಗುಂಪು ಬರಗಾಲದ ಕಾಲದ ಕಥೆಯ ಹಾಡು "ದಿ ಫೀಲ್ಡ್ಸ್ ಆಫ್ ಅಥೆನ್ರೈ" ಹಾಡಿತು. ಮನೆಮಂದಿಗಾಗಿ ಕಾಳು ಕದ್ದು ಗಡೀಪಾರಾದವನ ಹಾಡು ಅದು. ಜಗತ್ತೆಲ್ಲ ಎಂಥ ಅಭಿಮಾನಿಗಳಪ್ಪಾ ಅಂತ ಹೊಗಳಿತು. ಅವರದೇ ಹಳೇ ಆಟಗಾರ ರಾಯ್ ಕೀನ್ ಮಾತ್ರ ಸಿಟ್ಟಾದರು. ಬರೀ ಹಾಡೋದಕ್ಕೆ ಬಂದಿದ್ದೀವಾ, ಗೆಲ್ಲೋದು ಬೇಡವಾ ಅಂತ. ಇಬ್ಬರ ಮಾತಲ್ಲೂ ನ್ಯಾಯ ಇದೆ ಅನ್ನಿಸುತ್ತೆ ನನಗೆ. ಸೋತಾಗಲೂ ತಲೆ ಎತ್ತಿ ಹಾಡೋದು ಮಾನ. ಸೋಲನ್ನೇ ಒಳ್ಳೆಯತನ ಅಂತ ಹಾಡಿಕೊಂಡು ಕೂತರೆ ಸೋಲಿಸಿದವರನ್ನು ಕೇಳೋರು ಯಾರು?

ನಿಜವಾಗಿ ನಾಚಬೇಕಾದವರ ಸ್ಥಿತಿ ಹೇಗಿತ್ತು ಅಂತ 2013ರ ಜೂನ್‌ನಲ್ಲಿ ಗೊತ್ತಾಯಿತು. ಆಂಗ್ಲೋ ಐರಿಶ್ ಬ್ಯಾಂಕಿನ ಹಿರಿಯ ಅಧಿಕಾರಿಗಳ 2008ರ ಫೋನ್ ಮಾತುಕತೆಯ ಟೇಪುಗಳನ್ನು ಐರಿಶ್ ಇಂಡಿಪೆಂಡೆಂಟ್ ಪತ್ರಿಕೆ ಹೊರಹಾಕಿತು. ಸರ್ಕಾರದ ಹತ್ತಿರ ಕೇಳಿದ 700 ಕೋಟಿಯ ಅಂಕಿ ಎಲ್ಲಿಂದ ತಂದೆ ಅಂತ ಒಬ್ಬ ಕೇಳಿದರೆ, ಇನ್ನೊಬ್ಬ ಅಸಭ್ಯ ಜೋಕು ಹೇಳಿ ನಗ್ತಾನೆ. ಜರ್ಮನಿಯ ರಾಷ್ಟ್ರಗೀತೆಯ ಹಳೇ ಸಾಲು ಗುನುಗಿ ಇನ್ನೂ ನಗು. ದೇಶ ಮುಳುಗ್ತಾ ಇತ್ತು, ಇವರಿಗೆ ತಮಾಷೆ. ಅದೇ ಸೆಪ್ಟೆಂಬರಿನ ವರ್ಷಾಂತ್ಯದ ಬ್ಯಾಲೆನ್ಸ್ ಶೀಟಿಗೆ ಈ ಬ್ಯಾಂಕು ಇನ್ನೊಂದು ಸಂಸ್ಥೆಯ ಮೂಲಕ 720 ಕೋಟಿ ಯೂರೋ ಸುತ್ತಿಸಿ ತಂದು ಗ್ರಾಹಕರ ಠೇವಣಿ ಅಂತ ತೋರಿಸಿತ್ತು. ಮಾರ್ಚ್ 31ರ ರಾತ್ರಿ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡಿದ ಯಾರಿಗೂ ಈ ವಿಂಡೋ ಡ್ರೆಸ್ಸಿಂಗ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಅಳತೆಯಲ್ಲಿ! ಅದಕ್ಕಾಗಿ ಬ್ಯಾಂಕಿನ ಮುಖ್ಯಸ್ಥನಾಗಿದ್ದ ಡೇವಿಡ್ ಡ್ರಮ್‌ಗೆ 2018ರಲ್ಲಿ ಆರು ವರ್ಷ ಜೈಲಾಯಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷ ನಾಚಿಕೆಯ ಕಂತು ಕಟ್ಟಿದವರು ಬೇರೆ ಯಾರೋ.

ಈಗ ನಮ್ಮಂಥ ಊರು ಬಿಟ್ಟವರ ವಿಷಯ. ಆ ಕಷ್ಟದ ವರ್ಷಗಳಲ್ಲಿ ಮತ್ತೆ ವಲಸೆ ಶುರುವಾಯಿತು. ವರ್ಷಕ್ಕೆ 80,000ಕ್ಕೂ ಹೆಚ್ಚು ಜನ ಆಸ್ಟ್ರೇಲಿಯಾ, ಕೆನಡಾ, ಲಂಡನ್ ಅಂತ ಹೊರಟರು. ಹಳ್ಳಿಯ ಗೇಲಿಕ್ ಫುಟ್‌ಬಾಲ್ ಕ್ಲಬ್ಬುಗಳಿಗೆ ಹದಿನೈದು ಹುಡುಗರನ್ನು ಹೊಂದಿಸೋದೇ ಕಷ್ಟವಾಯಿತು. ಸರಿಯಾಗಿ ಅದೇ ಹೊತ್ತಿಗೆ ಸರ್ಕಾರ 2013ನ್ನು "ದಿ ಗ್ಯಾದರಿಂಗ್" ವರ್ಷ ಅಂತ ಘೋಷಿಸಿ, ಜಗತ್ತಿನಲ್ಲಿರುವ ಐರಿಶ್ ಮೂಲದವರೆಲ್ಲ ತವರಿಗೆ ಬನ್ನಿ ಅಂತ ಕರೆಯಿತು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ನಟ ಗೇಬ್ರಿಯಲ್ ಬರ್ನ್, ಅದೂ ಮೊದಲು ಐರ್ಲೆಂಡಿನ ಸಾಂಸ್ಕೃತಿಕ ರಾಯಭಾರಿಯಾಗಿದ್ದವರು, ಇದು ವಲಸಿಗರ ಜೇಬಿಗೆ ಕೈಹಾಕೋ ಮೋಸ ಅಂತ ನೇರವಾಗಿ ಹೇಳಿ ಗಲಾಟೆ ಎಬ್ಬಿಸಿದರು. ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಕಳಿಸಿ, ಮೊಮ್ಮಕ್ಕಳನ್ನು ಮುಂದಿನ ಬಾಗಿಲಿನಿಂದ ಆರತಿ ಎತ್ತಿ ಕರೆಯೋ ಹಾಗೆ ಕಂಡಿರಬೇಕು. ಹೊರದೇಶದಲ್ಲಿ ನೆಲೆಸಿದ ಐರಿಶರಿಗೆ ಅಲ್ಲಿನ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕೋ ಹಕ್ಕೂ ಇಲ್ಲ. ಆದರೂ ಜನ ಹೋದರು. ಊರೂರಲ್ಲಿ ಮನೆತನದ ಕೂಟಗಳಾದವು. ಯಾಕೆ ಹೋದರು ಅಂತ ನಮಗೆ ಗೊತ್ತಿಲ್ವಾ? ಮುಂಬೈ ಆಫೀಸಿನಲ್ಲಿ ಯಾರಾದರೂ "ತುಮ್ಚಾ ಬೆಂಗಳೂರ್" ಅಂತ ಹೊಗಳಿದರೆ ನಮಗೆ ಉಬ್ಬು, ಅದೇ ಬೆಂಗಳೂರಿನ ರಸ್ತೆಗುಂಡಿ, ನಮ್ಮ ರಾಜಕಾರಣಿಗಳ ರೆಸಾರ್ಟ್ ಪುರಾಣ ತೆಗೆದರೆ ಮುಖ ಕೆಳಗೆ. ಎರಡರಲ್ಲೂ ನಮ್ಮ ಕೈವಾಡ ಇಲ್ಲ. ಊರು ಬಿಟ್ಟರೂ ಜಾಮೀನು ಪತ್ರದಿಂದ ಹೆಸರು ತೆಗೆಸಿಕೊಳ್ಳೋಕೆ ಆಗಲ್ಲ. ಬಹುಶಃ ನಾವು ತೆಗೆಸಿಕೊಳ್ಳೋದೂ ಇಲ್ಲ.

2013ರ ಡಿಸೆಂಬರ್ 15ಕ್ಕೆ ಐರ್ಲೆಂಡ್ ಆ ಸಾಲದ ಕಾರ್ಯಕ್ರಮದಿಂದ ಹೊರಬಂತು. 2017ರೊಳಗೆ ಐಎಂಎಫ್ ಸಾಲ ಪೂರ್ತಿ ಅವಧಿಗೆ ಮುಂಚೆಯೇ ತೀರಿಸಿತು. ಈಗ ಆ ದೇಶದ ಸಮಸ್ಯೆ ಉಲ್ಟಾ. ಆಪಲ್ ಕಂಪನಿಯಿಂದ 1,300 ಕೋಟಿ ಯೂರೋ ಬಾಕಿ ತೆರಿಗೆ ವಸೂಲಿ ಮಾಡಿ ಅಂತ 2016ರಲ್ಲಿ ಯುರೋಪಿಯನ್ ಕಮಿಷನ್ ಹೇಳಿದರೆ, ನಮಗೆ ಬೇಡ ಅಂತ ಐರ್ಲೆಂಡ್ ಸರ್ಕಾರವೇ ಕೋರ್ಟಿಗೆ ಹೋಯಿತು. 2024ರಲ್ಲಿ ಸೋತು, ಹಣ ತೆಗೆದುಕೊಳ್ಳಬೇಕಾಗಿ ಬಂತು! ತಲಾ 14,000 ಯೂರೋ ಹೊರೆ ಹೊತ್ತ ಜನರ ಪರವಾಗಿ ಬಂದ ದುಡ್ಡು ಬೇಡ ಅಂದದ್ದಕ್ಕೆ ಹೆಮ್ಮೆ ಪಡಬೇಕೋ, ನಾಚಬೇಕೋ?

ಡಬ್ಲಿನ್ನಿನ ನದಿ ದಂಡೆಯಲ್ಲಿ ಆಂಗ್ಲೋ ಐರಿಶ್ ಬ್ಯಾಂಕ್ ತನ್ನ ದೊಡ್ಡ ಕಚೇರಿ ಕಟ್ಟಿಸ್ತಾ ಇತ್ತು. ಬ್ಯಾಂಕು ಮುಳುಗಿದಾಗ ಕೆಲಸ ನಿಂತು, ಆ ಅಸ್ಥಿಪಂಜರ ವರ್ಷಗಟ್ಟಲೆ ಹಾಗೇ ನಿಂತಿತ್ತು. ಕೆಡವಲಿಲ್ಲ. ದೇಶದ ಸೆಂಟ್ರಲ್ ಬ್ಯಾಂಕೇ ಅದನ್ನು ಕೊಂಡು, ಪೂರ್ತಿ ಮಾಡಿ, 2017ರಲ್ಲಿ ಅಲ್ಲಿ ತನ್ನ ಪ್ರಧಾನ ಕಚೇರಿ ತೆರೆಯಿತು. ಬ್ಯಾಂಕುಗಳ ಮೇಲೆ ಕಣ್ಣಿಡಬೇಕಾದವರು ಈಗ ದಿನಾ ಆ ಕಟ್ಟಡದೊಳಗೇ ಕೂತು ಕೆಲಸ ಮಾಡ್ತಾರೆ. ನನಗಂತೂ ಇದು ಸರಿ ಅನ್ನಿಸಿತು. "ನಾವೆಲ್ಲರೂ" ಅಂತ ನಾಚಿಕೆಯನ್ನು ಎಲ್ಲರಿಗೂ ಹಂಚಿದರೆ ಅದು ಯಾರ ಹತ್ತಿರವೂ ಉಳಿಯಲ್ಲ. ಒಂದು ವಿಳಾಸ ಇದ್ದರೆ ನೆನಪಾದರೂ ಇರುತ್ತೆ.

ನೀವೇನಂತೀರಿ? ನಿಮ್ಮ ಊರಿನ ಹೆಮ್ಮೆ, ನಾಚಿಕೆಯಲ್ಲಿ ನಿಮ್ಮ ಪಾಲು ಎಷ್ಟು ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ?